ಬಟಾಣಿ ಇಡ್ಲಿ ಉಬ್ಬದಿದ್ದರೆ

ಇಂಗ್ಲೆಂಡಿನ ನಿಮ್ಮ ತಿಂಡಿ ಸ್ಟಾಲಿನಲ್ಲಿ ಇಡ್ಲಿ ಉಬ್ಬದೆ ಗಟ್ಟಿಯಾಗುತ್ತಿದೆ, ಯಾಕೆ ಅಂತ ಕೇಳಿದ್ದೀರಿ. ಉದ್ದನ್ನು ಪೂರ್ತಿ ಬಿಟ್ಟು ಅಲ್ಲೇ ಬೆಳೆದ ಬಟಾಣಿ ಬೇಳೆ ಹಾಕಿದ್ದರಿಂದಲೇ ಹಾಗಾಗಿರಬೇಕು. ಹುದುಗುವಾಗ ಏಳೋ ಗಾಳಿಯನ್ನು ಹಿಡಿದಿಡೋದು ಉದ್ದಿನ ಲೋಳೆ. ಬಟಾಣಿಗೆ ಆ ಲೋಳೆ ಇಲ್ಲ. ಇಡ್ಲಿಗೆ ಉದ್ದೇ ಇರಲಿ, ಅಲ್ಲಿಯ ಬಟಾಣಿ ಬೇಳೆಯನ್ನು ದೋಸೆಗೆ ಬಳಸಿ, ಚೆನ್ನಾಗಿ ಒಗ್ಗುತ್ತೆ. 3 ಲೋಟ ಅಕ್ಕಿಗೆ ಅರ್ಧ ಲೋಟ ಉದ್ದು, ಅರ್ಧ ಲೋಟ ಬಟಾಣಿ ಬೇಳೆ, ಒಂದು ಚಮಚ ಮೆಂತ್ಯ. ಬಟಾಣಿ ಬೇಳೆಯನ್ನು ಬೇರೆಯಾಗಿ ರಾತ್ರಿಯಿಡೀ ನೆನೆಸಿ, ಆ ನೀರು ಚೆಲ್ಲಿ, ಅಕ್ಕಿ ಜೊತೆ ರುಬ್ಬಿ. ಉದ್ದು, ಮೆಂತ್ಯವನ್ನು ತಣ್ಣೀರು ಚಿಮುಕಿಸುತ್ತಾ ಪ್ರತ್ಯೇಕ ರುಬ್ಬಬೇಕು. ಒಂದು ಚೂರು ಹಿಟ್ಟು ನೀರಿಗೆ ಹಾಕಿದರೆ ತೇಲಬೇಕು. ಎರಡನ್ನೂ ಉಪ್ಪು ಹಾಕಿ ಕೈಯಲ್ಲೇ ಕಲಸಿ, ಲೈಟ್ ಮಾತ್ರ ಹಾಕಿದ ಓವನ್‌ನಲ್ಲಿಡಿ. ಎಷ್ಟು ಗಂಟೆ ಅನ್ನೋದು ನಿಮ್ಮ ಅಡುಗೆಮನೆಯ ಚಳಿಗೆ ಬಿಟ್ಟಿದ್ದು. ಹಿಟ್ಟು ಉಬ್ಬಿ, ಹುಳಿ ವಾಸನೆ ಬಂದ ಮೇಲೆ ಕಾವಲಿ ಇಡಿ.