ಕಾಯ್ಲೋವರ್ ಬೇಡ, ಡ್ಯಾಂಪರ್ ನೋಡಿ

ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ರೇಸ್ ಟ್ರ್ಯಾಕ್‌ಗೆ ಒಯ್ಯುವ ಫೋಕ್ಸ್‌ವ್ಯಾಗನ್ ಪೋಲೋ ಕಾರಿಗೆ ಅಗ್ಗದ ಕಾಯ್ಲೋವರ್ (ಸ್ಪ್ರಿಂಗ್, ಡ್ಯಾಂಪರ್ ಒಟ್ಟಿಗೇ ಬರುವ, ಎತ್ತರ ಹೊಂದಿಸಬಹುದಾದ ಸಸ್ಪೆನ್ಷನ್ ಸೆಟ್) ಹಾಕಿಸಲಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ ಸರ್. ಎತ್ತರ ಇಳಿಸಬಹುದು ನಿಜ, ಆದರೆ ಅದರ ಅಗ್ಗದ ಡ್ಯಾಂಪರ್ (ಸ್ಪ್ರಿಂಗಿನ ಕುಣಿತ ತಡೆಯುವ ಶಾಕ್ ಅಬ್ಸಾರ್ಬರ್) ಜೊತೆಗಿನ ಗಟ್ಟಿ ಸ್ಪ್ರಿಂಗನ್ನು ಹಿಡಿತದಲ್ಲಿ ಇಡದಿದ್ದರೆ ತಿರುವಿನ ಮಧ್ಯೆ ಸಣ್ಣ ಉಬ್ಬು ಸಿಕ್ಕರೂ ಕಾರು ಕುಣಿಯುತ್ತದೆ. ಬಿಲ್‌ಸ್ಟೈನ್ ಕಂಪನಿಯ ಬಿ6 ಡ್ಯಾಂಪರ್ ಆದರೆ ಕಾರಿನ ಕಂಪನಿ ಸ್ಪ್ರಿಂಗ್ ಜೊತೆಗೇ ಕೂರುತ್ತದೆ. ಮುಂದೆ ಕಾರು ತಗ್ಗಿಸುವ ಲೋವರಿಂಗ್ ಸ್ಪ್ರಿಂಗ್ ಹಾಕೋ ಯೋಚನೆ ಇದ್ದರೆ ಈಗಲೇ ಬಿ8 ತಗೊಳ್ಳಿ, ಅದು ಗಿಡ್ಡ ಸ್ಪ್ರಿಂಗ್‌ಗೆಂದೇ ಮಾಡಿದ್ದು.

ಅದಕ್ಕೂ ಮೊದಲು ಮುಂದಿನ ಟೈರ್ ಮುಟ್ಟಿ ನೋಡಿ. ಹೊರ ಅಂಚು ಮಾತ್ರ ಉರುಟಾಗಿ ಸವೆದಿದೆಯಾ? ಗಾಳಿ ಸರಿಯಿದ್ದೂ ಹೀಗಾಗಿದ್ದರೆ ನೆಗೆಟಿವ್ ಕ್ಯಾಂಬರ್ (ಚಕ್ರದ ಮೇಲ್ಭಾಗ ಒಳಕ್ಕೆ ವಾಲಿರುವುದು) ಸಾಲುತ್ತಿಲ್ಲ, ಆ ವಾಲುವಿಕೆ ಹೊಂದಿಸುವ ಕ್ಯಾಂಬರ್ ಪ್ಲೇಟ್‌ಗೂ ಸ್ವಲ್ಪ ದುಡ್ಡು ಎತ್ತಿಡಿ. ಸಸ್ಪೆನ್ಷನ್ ಕೀಲುಗಳ ಹಳೇ ರಬ್ಬರ್ ಬುಷ್ ಬಿರುಕು ಬಿಟ್ಟಿದ್ದರೆ ಅದನ್ನೂ ಬದಲಾಯಿಸಿ. ಕಾರು ತಗ್ಗಿಸೋಕೆ ಸ್ಪ್ರಿಂಗ್ ಕತ್ತರಿಸೋಣ ಅಂತ ಯಾರೇ ಹೇಳಿದರೂ ಒಪ್ಪಲೇಬೇಡಿ.