ಮಾರಿಷಸ್ ಪ್ರಜೆಯಾದ ಹಿಂದೂ ವಧು: ಮದುವೆಯ ನೋಂದಣಿ ಯಾವ ಕಾಯ್ದೆಯಡಿ?

ಮಾರಿಷಸ್ ಪ್ರಜೆಯಾಗಿರುವ ಹಿಂದೂ ಯುವತಿಯನ್ನು ಮೈಸೂರಿನಲ್ಲಿ ಶಾಸ್ತ್ರೋಕ್ತವಾಗಿ ಮದುವೆಯಾಗಲಿರುವ ತಾವು, ವಧು ವಿದೇಶಿಯಾದ್ದರಿಂದ ವಿಶೇಷ ವಿವಾಹ ಕಾಯ್ದೆಯಡಿಯಲ್ಲೇ ನೋಂದಣಿ ಆಗಬೇಕೆಂಬ ಮಾತು ನಿಜವೇ ಎಂದು ಕೇಳಿದ್ದೀರಿ. ನಿಜವಲ್ಲ. ಇಂಥ ಕಡತಗಳನ್ನು ನೋಡುವ ವಕೀಲನಾಗಿ ನಾನು ಈ ಮಾತನ್ನು ಆಗಾಗ ಕೇಳುತ್ತಿರುತ್ತೇನೆ.

1955ರ ಹಿಂದೂ ವಿವಾಹ ಕಾಯ್ದೆಯ 5ನೇ ಕಲಂ ಇಬ್ಬರು ಹಿಂದೂಗಳ ನಡುವಿನ ಮದುವೆಗೆ ಷರತ್ತುಗಳನ್ನು ಹೇಳುತ್ತದೆ. ವಯಸ್ಸು, ಜೀವಂತ ಪತಿ ಅಥವಾ ಪತ್ನಿ ಇಲ್ಲದಿರುವುದು, ನಿಷಿದ್ಧ ಸಂಬಂಧ ಮುಂತಾದವುಗಳನ್ನು ವಿಚಾರಿಸುವ ಆ ಕಲಮು ಪೌರತ್ವವನ್ನು ಕೇಳುವುದಿಲ್ಲ. ವಧು ಹಿಂದೂ ಅಲ್ಲದಿದ್ದರೆ ಮಾತು ಬೇರೆಯಾಗುತ್ತಿತ್ತು. ಆಗ 1954ರ ವಿಶೇಷ ವಿವಾಹ ಕಾಯ್ದೆಯಂತೆ ನೋಟಿಸು ಕೊಟ್ಟು, ಆಕ್ಷೇಪಣೆಗೆಂದು 30 ದಿನ ಕಾಯಬೇಕಾಗುತ್ತಿತ್ತು.

ಆದರೆ ಹೆಚ್ಚಿನವರು ಗಮನಿಸದ ಸಂಗತಿಯೆಂದರೆ, ಹಿಂದೂ ವಿವಾಹ ಕಾಯ್ದೆಯಲ್ಲಿ ಮದುವೆಯನ್ನು ಮದುವೆಯಾಗಿಸುವುದು ವಿಧಿಯೇ ಹೊರತು ನೋಂದಣಿ ಪತ್ರವಲ್ಲ. ವಿಧಿಪೂರ್ವಕ ಮದುವೆ ನಡೆಯದೆ ಕೇವಲ ಪ್ರಮಾಣಪತ್ರ ಪಡೆದಿದ್ದ ಇಬ್ಬರು ಪೈಲಟ್‌ಗಳ ಪ್ರಕರಣದಲ್ಲಿ 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಆ ಮದುವೆಯೇ ಸಿಂಧುವಲ್ಲ ಎಂದು ಹೇಳಿತು. ವೀಸಾದ ಅವಸರಕ್ಕೆ ಮೊದಲು ನೋಂದಣಿ, ಆಮೇಲೆ ಧಾರೆ ಎಂದುಕೊಳ್ಳುವವರು ಇದನ್ನು ಅವಶ್ಯ ಓದಬೇಕು. ಆದ್ದರಿಂದ ಲಗ್ನಪತ್ರಿಕೆಯನ್ನೂ, ಧಾರೆ ಮತ್ತು ಸಪ್ತಪದಿಯ ಛಾಯಾಚಿತ್ರಗಳನ್ನೂ ಜೋಪಾನವಾಗಿಡಿ. ನೆಂಟರ ಗುಂಪಿನ ಚಿತ್ರಕ್ಕಿಂತ ಅಗ್ನಿಯ ಮುಂದೆ ಇಬ್ಬರೂ ಹೆಜ್ಜೆ ಇಡುತ್ತಿರುವ ಚಿತ್ರ ಕಡತದಲ್ಲಿ ಹೆಚ್ಚು ಬೆಲೆಯುಳ್ಳದ್ದು.

ವಧುವಿನ ಜನನ ಪ್ರಮಾಣಪತ್ರ ಮತ್ತು ಅವಿವಾಹಿತೆ ಎಂಬ ದೃಢೀಕರಣ ಪತ್ರಕ್ಕೆ ಮಾರಿಷಸ್‌ನಲ್ಲೇ ಅಪಾಸ್ಟಿಲ್ ಮುದ್ರೆ (ಒಂದು ದೇಶದ ದಾಖಲೆ ಅಸಲಿ ಎಂದು ಬೇರೆ ದೇಶಗಳು ಒಪ್ಪುವಂತೆ ಹಾಕುವ ಅಧಿಕೃತ ಮುದ್ರೆ) ಹಾಕಿಸಿಕೊಂಡು ಬರಲಿ. ಎರಡೂ ದೇಶಗಳು ಅಪಾಸ್ಟಿಲ್ ಕುರಿತ ಅಂತರರಾಷ್ಟ್ರೀಯ ಒಪ್ಪಂದದಲ್ಲಿರುವುದರಿಂದ ರಾಯಭಾರ ಕಚೇರಿಯ ಸುತ್ತಾಟ ತಪ್ಪುತ್ತದೆ. ಕರ್ನಾಟಕದಲ್ಲಿ ನೋಂದಣಿ ಇಲಾಖೆಯ ಆನ್‌ಲೈನ್ ತಾಣವಾದ ಕಾವೇರಿ 2.0 ಮೂಲಕವೂ ಅರ್ಜಿ ಹಾಕಬಹುದಾದರೂ, ಆಧಾರ್ ಇಲ್ಲದ ವಧುವಿದ್ದಾಗ ಉಪನೋಂದಣಾಧಿಕಾರಿಗಳ ಕಚೇರಿಗೆ ಖುದ್ದಾಗಿ ಹೋಗುವುದೇ ಮೇಲು. ಅರ್ಜಿಯಲ್ಲಿನ ಹೆಸರು ಪಾಸ್‌ಪೋರ್ಟಿನ ಅಕ್ಷರಗಳಿಗೆ ತಪ್ಪದೆ ಹೊಂದಿರಬೇಕು.

ಮದುವೆಯಾದ ಮಾತ್ರಕ್ಕೆ ಭಾರತದ ಪೌರತ್ವ ಬರುವುದಿಲ್ಲ. ಆ ಅರ್ಜಿಗೆ ಮೊದಲು 7 ವರ್ಷಗಳ ವಾಸ ಬೇಕು. ಒಸಿಐ (ಸಾಗರೋತ್ತರ ಭಾರತೀಯ ನಾಗರಿಕ) ಕಾರ್ಡಿಗಾದರೆ ನೋಂದಾಯಿತ ಮದುವೆ 2 ವರ್ಷ ಅಖಂಡವಾಗಿ ಮುಂದುವರಿದಿರಬೇಕು. ಈ ಕಾರಣಕ್ಕಾಗಿಯೇ ಧಾರೆ ಮುಗಿದ ವಾರದಲ್ಲೇ ನೋಂದಣಿ ಮಾಡಿಸಿಬಿಡಿ ಎಂದು ನನ್ನ ಸಲಹೆ.