ಜಲಾಂತರ್ಗಾಮಿ ನಿಲ್ಲುವ ಕಟ್ಟೆಯ ಸ್ವಿಚ್‌ಬೋರ್ಡಿಗೂ ಪರಮಾಣು ಸುರಕ್ಷತಾ ದರ್ಜೆ ಏಕೆ?

ಕೈಕೊಟ್ಟರೆ ಪರಮಾಣು ಜಲಾಂತರ್ಗಾಮಿಯೊಳಗಿನ ರಿಯಾಕ್ಟರಿಗೆ ಏನಾಗುತ್ತದೆ ಎಂಬುದನ್ನು ನೋಡಿಯೇ ದಡದ ಸಲಕರಣೆಗಳಿಗೆ ದರ್ಜೆ ಕೊಡುತ್ತಾರೆ. ರಿಯಾಕ್ಟರನ್ನು ನಿಲ್ಲಿಸಿದರೂ ಇಂಧನದೊಳಗಿನ ವಿಕಿರಣಶೀಲ ವಸ್ತುಗಳು ಕ್ಷಯಿಸುತ್ತಾ ಬಿಸಿ ಸೂಸುತ್ತಲೇ ಇರುತ್ತವೆ: ನಿಲ್ಲಿಸಿದ ಕ್ಷಣದಲ್ಲಿ ಅದುವರೆಗೆ ಓಡುತ್ತಿದ್ದ ಶಕ್ತಿಮಟ್ಟದ ಸುಮಾರು ಶೇ 6, ಒಂದು ದಿನದ ನಂತರವೂ ಶೇ 0.5ರ ಆಸುಪಾಸು. ಅದನ್ನು ತಣಿಸುವ ಪಂಪುಗಳು ದಡದ ವಿದ್ಯುತ್ತನ್ನು ನೆಚ್ಚಿಕೊಂಡಿದ್ದರೆ ಆ ಕೇಬಲ್, ಸ್ವಿಚ್‌ಬೋರ್ಡ್, ಡೀಸೆಲ್ ಜನರೇಟರುಗಳೂ ಸುರಕ್ಷತಾ ವ್ಯವಸ್ಥೆಯ ಭಾಗವೇ. ಬ್ರಿಟನ್ನಿನ ಡೆವನ್‌ಪೋರ್ಟ್ ನೌಕಾನೆಲೆಯಲ್ಲಿ 2012ರ ಜುಲೈನಲ್ಲಿ ಮುಖ್ಯ ವಿದ್ಯುತ್ ಪೂರೈಕೆಯ ಜೊತೆ ಬದಲಿ ಪೂರೈಕೆಯೂ ಕೈಕೊಟ್ಟಿತ್ತು. ಬದಲಿ ಇದೆಯೆಂದರೆ ಸಾಲದು, ಎರಡೂ ಒಂದೇ ದೋಷಕ್ಕೆ ಬಲಿಯಾಗದಂತಿರಬೇಕು. ಮೇಲ್ದರ್ಜೆ ಕೇಳುವುದು ಮುಖ್ಯವಾಗಿ ಇದನ್ನೇ. ರಿಯಾಕ್ಟರಿನ ಇಂಧನ ಎತ್ತುವ ಕ್ರೇನ್ ಸಹ ಮೇಲ್ದರ್ಜೆಯದು. ಬಣ್ಣದ ಡಬ್ಬಿ ಎತ್ತುವ ಕ್ರೇನಿಗೆ ಆ ತಲೆಬಿಸಿಯಿಲ್ಲ, ಜಲಾಂತರ್ಗಾಮಿಯ ಮೇಲೆ ಉರುಳದಷ್ಟು ದೂರದಲ್ಲಿದ್ದರೆ.